ಇಬ್ಬರಿಗೆ ಒಂದು ಕೋಯ್ತಾ

ಕಬ್ಬು ಕಡಿಯುವವರ ಆರೋಗ್ಯ ಶಿಬಿರ ಮಂಗಳವಾರ ಹನ್ನೊಂದು ಗಂಟೆಗೆ ಎಂದು ಬ್ಯಾನರಿನಲ್ಲೇ ಅಚ್ಚಾಗಿತ್ತು. ಅದನ್ನು ಓದಿದ ಕೂಡಲೇ ಶಾರವ್ವನಿಗೆ ಒಬ್ಬರೂ ಬರುವುದಿಲ್ಲ ಎಂದು ಗೊತ್ತಾಯಿತು. ಹದಿನೈದು ದಿನ ಮುಂಚೆಯೇ ಹೇಳಿಯೂ ಇದ್ದಳು. ಆದರೆ ಹದಿನಾಲ್ಕು ವರ್ಷ ಆಶಾ ಕಾರ್ಯಕರ್ತೆಯಾಗಿ ದುಡಿದವಳಿಗೆ ಒಂದು ಮಾತು ಮನದಟ್ಟಾಗಿತ್ತು: ಮೇಲಿನವರು ಅವಳನ್ನು ಕೇಳುವುದು ಕೆಲಸ ಕೆಟ್ಟ ಮೇಲೆ, ಯಾಕೆ ಕೆಟ್ಟಿತು ಎಂದು ಬೈಯುವುದಕ್ಕೆ.

ಅವಳ ಊರು ಕಲಾದಗಿಯಿಂದ ಆಚೆ, ಘಟಪ್ರಭೆಯ ದಂಡೆಯಲ್ಲಿ. ದಸರೆ ಮುಗಿದು ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ಗ್ಯಾಂಗುಗಳು ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತವೆ. ಈ ಸಲ ಹಳ್ಳದ ಪಕ್ಕದ ಬೀಳು ನೆಲದಲ್ಲಿ ಇಪ್ಪತ್ತೆರಡು ಗುಡಿಸಲು ಎದ್ದಿದ್ದವು. ಬಿದಿರಿನ ಕಮಾನು, ಮೇಲೆ ಕಬ್ಬಿನ ಒಣಗರಿಯ ರವದಿ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ. ಪೋಲಿಯೊ ಹನಿ ಹಾಕಿದ ಮನೆಯ ಬಾಗಿಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು ಎಂಬುದು ಇಲಾಖೆಯ ನಿಯಮ. ಇಲ್ಲಿ ಬಾಗಿಲೇ ಇರಲಿಲ್ಲ. ಶಾರವ್ವ ನೀರಿನ ಡ್ರಮ್ಮುಗಳ ಮೇಲೆ ಗುರುತು ಹಾಕಿ ಬಂದಿದ್ದಳು.

ಹನ್ನೊಂದಕ್ಕೆ ಡಾಕ್ಟರ್ ಸತ್ಯಬೋಧ ಜೀಪಿನಿಂದ ಇಳಿದು ಕುರ್ಚಿಯಲ್ಲಿ ಕೂತರು. ಎದುರಿಗೆ ಬಂದದ್ದು ಇಬ್ಬರು ಮುದುಕರು, ಒಂಬತ್ತು ಮಕ್ಕಳು. ಆರು ವರ್ಷದ ಹುಡುಗಿಯೊಬ್ಬಳು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಕೂಸಿನ ಭಾರಕ್ಕೆ ಅವಳ ಸೊಂಟವೇ ಒಂದು ಕಡೆ ವಾಲಿತ್ತು.

"ಜನಾ ಎಲ್ಲೆ ಹೋಗ್ಯಾರ ಶಾರವ್ವಾ? ನೀ ಸರಿಯಾಗಿ ತಿಳಿಸಿಲ್ಲ ಅಂತ ಕಾಣಸ್ತದ."

"ತಿಳಿಸೀನ್ರಿ ಸರ. ಮುಂಜಾನಿ ನಾಕಕ್ಕ ಹೊಲಕ್ಕ ಹೋದವರು ಹೊತ್ತು ಮುಳುಗಿದ ಮ್ಯಾಲೆ ಬರ್ತಾರ. ನಾಕರ ಒಳಗ ಬರ್ರಿ, ಇಲ್ಲಾ ಸಂಜಿ ಏಳಕ್ಕ ಬರ್ರಿ ಅಂತ ಆಗಲೇ ಅಂದಿದ್ದೆ."

"ನಾಕಕ್ಕ ಯಾರವಾ ಏಳ್ತಾರ?"

"ನಾ ಏಳ್ತೇನ್ರಿ."

ಡಾಕ್ಟರು ನಕ್ಕರು. ಔಷಧಿ ಡಬ್ಬಿ ಹಿಡಿದು ನಿಂತವನೂ ನಕ್ಕ. ಶಾರವ್ವ ನಗಿಸುವುದಕ್ಕೆ ಹೇಳಿರಲಿಲ್ಲ. ಅವಳು ದಿನವೂ ನಾಲ್ಕಕ್ಕೇ ಏಳುತ್ತಾಳೆ. ಕಸ, ನೀರು, ಒಲೆ, ಮೂವತ್ತು ಜೋಳದ ರೊಟ್ಟಿ, ಅತ್ತೆಯ ಬಿಸಿನೀರು, ಮಗಳು ಮಾಯಾಳ ಬುತ್ತಿ. ಗಂಡ ದುರಗಪ್ಪ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವನು. ಊರಿಗೆಲ್ಲ ನೀರು ಬಿಡುವವನ ಮನೆಯಲ್ಲಿ ಕೊಡ ತುಂಬಿ ಹೊರುವವಳು ಶಾರವ್ವ. ಇಷ್ಟೆಲ್ಲ ಮುಗಿಸಿ ಒಂಬತ್ತಕ್ಕೆ ಆಶಾ ಕೆಲಸದ ಗುಲಾಬಿ ಸೀರೆ ಸುತ್ತಿಕೊಂಡರೆ, ಆಗ ಜನ ಕೇಳುತ್ತಾರೆ: "ಏನವಾ, ಈಗ ಕೆಲಸ ಶುರುವಾತೇನು?"

ಮಕ್ಕಳನ್ನು ಬ್ಯಾನರಿನ ಮುಂದೆ ನಿಲ್ಲಿಸಿ ಫೋಟೊ ತೆಗೆದರು. ವರದಿಯಲ್ಲಿ ‘ಫಲಾನುಭವಿಗಳು ಸಹಕರಿಸಲಿಲ್ಲ' ಎಂದು ಬರೆದರು. ಕೆಳಗೆ ಶಾರವ್ವನ ಸಹಿ ಹಾಕಿಸಿಕೊಂಡರು.

ಗುರುವಾರ ಸಂಜೆ ಅವಳು ನರ್ಸ್ ಶಹನಾಜಳನ್ನು ಬೆನ್ನು ಹತ್ತಿದಳು.

"ಸಿಸ್ಟರ, ಬಿಪಿ ಮಷಿನ್ ತಗೊಂಡು ಒಂದು ತಾಸು ಬರ್ರಿ. ಹಳ್ಳದ ಗುಡಸಲದಾಗ ಒಬ್ಬಾಕಿ ಬಸುರಿ ಮಾರಿ ಬಾತೈತಿ. ನನಗ ಚಂದ ಕಾಣವಲ್ದು."

"ಡ್ಯೂಟಿ ಮುಗದೈತಿ ಶಾರಕ್ಕ. ಮನ್ಯಾಗ ಅಡಗಿ ಯಾರು ಮಾಡ್ತಾರ?"

"ನಂದೂ ಮುಗದೈತಿ. ನಮ್ಮನ್ಯಾಗೂ ಅದನ್ನ ಕೇಳಾಕತ್ತಾರ."

ಶಹನಾಜ ಅವಳ ಮುಖ ನೋಡಿದಳು. ಸ್ಕೂಟಿಯ ಕೀಲಿ ತೆಗೆದುಕೊಂಡಳು.

ಅವರು ಹೋದಾಗ ಗಂಡಸರು ಕೈಕಾಲು ಚಾಚಿ ಬೀಡಿ ಹಚ್ಚಿದ್ದರು. ಹೆಂಗಸರು ಹೊಲದಿಂದ ಬಂದ ಕಾಲಲ್ಲೇ ಒಲೆಯ ಮುಂದೆ ಕೂತಿದ್ದರು. ಊರಿನ ಮೇಲೋಣಿಯ ಕೆಲವು ಮನೆಗಳಲ್ಲಿ ಶಾರವ್ವ ಇಂದಿಗೂ ಕಟ್ಟೆಯ ಕೆಳಗೆ ನಿಂತು ಗುಳಿಗೆ ಕೊಡಬೇಕು. ಕೈಗೆ ಕೈ ತಾಗದ ಹಾಗೆ ಇಸಿದುಕೊಳ್ಳುತ್ತಾರೆ. ಈ ಹೆಂಗಸರು ಮೊದಲ ದಿನವೇ ಅವಳ ಕೈ ಹಿಡಿದು ಕೂರಿಸಿ ಚಹಾ ಕೊಟ್ಟಿದ್ದರು. ತಮ್ಮ ಕಡೆಯ ರೂಢಿಯಂತೆ ‘ಆಶಾತಾಯಿ' ಎಂದು ಕರೆದಿದ್ದರು.

ಆ ಮೊದಲ ದಿನ ಹೆಸರು ಬರೆದುಕೊಳ್ಳುವಾಗ ಒಬ್ಬಳು, "ಶಕೀಲ ಕೋಯ್ತಾ," ಎಂದಿದ್ದಳು.

"ಗಂಡನ ಹೆಸರಲ್ಲಬೇ, ನಿಂದು."

ಅವಳು ತಬ್ಬಿಬ್ಬಾಗಿ, ನಿಧಾನವಾಗಿ, "ರೋಷನಬಿ," ಎಂದಿದ್ದಳು. ಈ ಕಡೆ ಐದು ಹಂಗಾಮು ದುಡಿದವಳು, ಒಡಕು ಕನ್ನಡ ಬರುತ್ತಿತ್ತು. ಕೋಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗ್ಯಾಂಗಿನಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಂದು ಕೋಯ್ತಾ. ಗಂಡ ಕಡಿಯುತ್ತಾನೆ, ಹೆಂಡತಿ ರವದಿ ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆ ಏರಿ ಟ್ರ್ಯಾಕ್ಟರಿಗೆ ಹಾಕುತ್ತಾಳೆ. ಗ್ಯಾಂಗು ಕರೆತರುವ ಮೇಸ್ತ್ರಿ, ಮುಕಾದಮನ ಪಟ್ಟಿಯಲ್ಲಿ ಇರುವುದು ಗಂಡಸಿನ ಹೆಸರು ಮಾತ್ರ.

ಶಾರವ್ವನಿಗೆ ಆಗ ಅವ್ವ ನೆನಪಾಗಿದ್ದಳು. ಶಾರವ್ವನ ತವರು ಇಳಕಲ್ಲು. ಅಪ್ಪ ಮಗ್ಗದ ಕೂಲಿ. ಅವ್ವ ಮನೆಯಲ್ಲಿ ಅಡುಗೆ, ಮಕ್ಕಳ ನಡುವೆ ದಿನವಿಡೀ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವ್ವನ ಕಂಡಿಕೆ ಇಲ್ಲದೆ ಮಗ್ಗ ಒಂದು ಗೇಣೂ ಓಡುತ್ತಿರಲಿಲ್ಲ. ಆದರೂ ಯಾರಾದರೂ ಕೇಳಿದರೆ ಅಪ್ಪ, "ಆಕಿ ಮನ್ಯಾಗ ಇರ್ತಾಳ," ಅನ್ನುತ್ತಿದ್ದ. ಅವ್ವ ಎದೆನೋವು ಎಂದಾಗಲೂ, ಮನೆಯಲ್ಲಿ ಇರುವವಳಿಗೆ ಎಂಥ ನೋವು ಎಂದು ಯಾರೂ ದವಾಖಾನೆಗೆ ಒಯ್ಯಲಿಲ್ಲ.

‘ವಲಸೆ ಬಂದವರು ನಮ್ಮ ಜನಸಂಖ್ಯೆಯಲ್ಲಿ ಇಲ್ಲ, ಬರೆಯಬೇಡ' ಎಂದು ಮೇಲಿನಿಂದ ಹೇಳಿದ್ದರೂ, ಶಾರವ್ವ ಮನೆಮನೆಯ ಲೆಕ್ಕದ ತನ್ನ ಪುಸ್ತಕವನ್ನು ತಿರುಗಿಸಿ ಕೊನೆಯ ಪುಟದಿಂದ ಬರೆಯುತ್ತ ಬಂದಿದ್ದಳು. ರೋಷನಬಿ. ಎಂಟು ತಿಂಗಳು. ಮೂರನೆಯದು.

ಈಗ ಅದೇ ರೋಷನಬಿ ಒಲೆಯ ಮುಂದೆ ಭಾಕರಿ, ಅವರ ಕಡೆಯ ರೊಟ್ಟಿ, ತಟ್ಟುತ್ತಿದ್ದಳು. ಗಾಜಿನ ಬಳೆ ಮುಂಗೈಯೊಳಗೆ ಹೂತುಹೋಗಿತ್ತು. ಪಾದದ ಮೇಲೆ ಶಹನಾಜ ಬೆರಳಿಟ್ಟು ಒತ್ತಿದರೆ ಬಿದ್ದ ತಗ್ಗು ಮೇಲೇಳಲಿಲ್ಲ.

"ತಲಿ ಭಾಳ ಜಡ ಆಶಾತಾಯಿ. ದೀಪಾ ಎರಡೆರಡು ಕಾಣತಾವ," ಅಂದಳು, ಕೈ ನಿಲ್ಲಿಸದೆ.

ಶಾರವ್ವ ಮೊಬೈಲಿನ ಬೆಳಕು ಹಿಡಿದಳು. ಶಹನಾಜ ಬಿಪಿ ನೋಡಿದಳು. ಮತ್ತೊಮ್ಮೆ ನೋಡಿದಳು. ನೂರಾ ಎಪ್ಪತ್ತು, ನೂರಾ ಹದಿನಾಲ್ಕು.

"ಶಾರಕ್ಕ, ಬಿಪಿ ಏರಿ ಬಸುರಿನ ನಂಜು ಆಗೈತಿ. ಇವತ್ತು ಫಿಟ್ಸ್ ಬಂದ್ರ ತಾಯೀನೂ ಇಲ್ಲ, ಕೂಸೂ ಇಲ್ಲ. ಈಗಿಂದೀಗ ಬಾಗಲಕೋಟಿ ದೊಡ್ಡ ದವಾಖಾನಿಗೆ ಹೋಗಬೇಕು."

ರೋಷನಬಿಯ ಗಂಡ ಶಕೀಲ ಬೀಡಿ ಆರಿಸಿ ಎದ್ದು ಬಂದ. ಶಹನಾಜ ಉರ್ದುವಿನಲ್ಲಿ ಎಲ್ಲ ಹೇಳಿದಳು. ಅವನು ಕೆಟ್ಟವನಲ್ಲ. ಹೆಂಡತಿಯ ಮುಖ ನೋಡಿ ಅವಳ ಪಕ್ಕದಲ್ಲೇ ಕೂತುಬಿಟ್ಟ. ಆದರೆ ಅವನ ಒಡಕು ಕನ್ನಡದಲ್ಲಿ ಬಂದ ಮೊದಲ ಮಾತು ಇದು:

"ಹೋದ್ರ ಹೊರಿ ಯಾರು ಕಟ್ಟಬೇಕು? ಎರಡು ಹುಡುಗ್ರು ಅದಾವ. ಭಾಕರಿ ಯಾರು ಮಾಡಬೇಕು?"

ಆ ಮಾತು ಮುಗಿಯುವಷ್ಟರಲ್ಲಿ ಶಾರವ್ವನ ಕೈಯಲ್ಲಿದ್ದ ಮೊಬೈಲು ಹೊಡೆದುಕೊಂಡಿತು. ಇನ್ನೊಂದು ಕೈ ರೋಷನಬಿಯ ಬೆನ್ನಿನ ಮೇಲಿತ್ತು, ಫೋನು ಹಿಡಿದ ಕೈಯ ಹೆಬ್ಬೆರಳಿನಿಂದಲೇ ಗುಂಡಿ ಒತ್ತಿದಳು. ಸ್ಪೀಕರಿನಲ್ಲಿ ದುರಗಪ್ಪನ ದನಿ ಗುಡಿಸಲುಗಳಿಗೆಲ್ಲ ಕೇಳಿಸಿತು.

"ಎಲ್ಲಿ ಅದೀಬೇ? ಏಳೂವರಿ ಆತು. ರೊಟ್ಟಿ ಯಾರು ಬಡೀಬೇಕು?"

ಒಂದು ಗಳಿಗೆ ಎಲ್ಲ ಒಲೆಗಳ ಮುಂದೆಯೂ ಕೈಗಳು ನಿಂತವು. ಆಮೇಲೆ ಒಬ್ಬ ಮುದುಕಿ ಕಿಸಕ್ಕನೆ ನಕ್ಕಳು. ನಗೆ ಒಲೆಯಿಂದ ಒಲೆಗೆ ಹತ್ತಿಕೊಂಡಿತು. ಭಾಷೆ ಬಾರದವರೂ ನಕ್ಕರು. ಆ ಪ್ರಶ್ನೆಗೆ ಯಾರೂ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಶಕೀಲ ನೆಲ ನೋಡಿದ.

ಶಾರವ್ವ ನಗಲಿಲ್ಲ. ಮದುವೆಯಾದ ಇಪ್ಪತ್ತಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಎದ್ದು ಬಂತು.

"ಹಿಟ್ಟು ಡಬ್ಬ್ಯಾಗ ಐತಿ. ನೀರು ನೀನ ಬಿಟ್ಟೀದಿ. ಕೈ ನಿನಗೂ ಎರಡು ಅದಾವ."

"ಮಾಯಾಗ ಹೇಳ್ಲೇನು?"

"ಮಾಯಾ ಓದಾಕತ್ತಾಳ. ಆಕೀನ್ನ ಎಬ್ಬಿಸಿ ನೋಡು, ನಾಳಿಂದ ನಾನೂ ಒಲಿ ಮುಟ್ಟೂದಿಲ್ಲ."

ಫೋನು ಇಟ್ಟು ಶಕೀಲನ ಕಡೆ ತಿರುಗಿದಳು. ಅಷ್ಟರಲ್ಲಿ ನಕ್ಕ ಮುದುಕಿಯೇ ಮುಂದೆ ಬಂದು, ಆಕೆಯ ಪಾಲಿನ ಹೊರೆ ನಾವೆಲ್ಲ ಹೆಂಗಸರು ಹಂಚಿಕೊಂಡು ಕಟ್ಟುತ್ತೇವೆ, ಭಾಕರಿಯನ್ನೂ ಮಾಡಿ ಹಾಕುತ್ತೇವೆ ಎಂದಳು. ಶಹನಾಜ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ಯಾಕ?" ಶಾರವ್ವ ಕೂಗಿಯೇಬಿಟ್ಟಳು. "ನೀವು ಯಾಕ ಕಟ್ಟಬೇಕು? ನಿಮ್ಮ ನಡಾ ಏನು ಕಬ್ಬಿಣದ್ದೇನು? ಕಡದಾಂವಗ ಕಟ್ಟಾಕ ಬರೂದಿಲ್ಲೇನು? ಅವನ ಕಟ್ಟಲಿ. ಅವನ ಬಡೀಲಿ."

ಸುದ್ದಿ ಕೇಳಿ ಮುಕಾದಮ ಯಮನೂರ ಮೋಟಾರ್ ಸೈಕಲಿನಲ್ಲಿ ಬಂದ. ಗಂಡಸರ ಜೊತೆಯಲ್ಲದೆ ಮಾತಾಡಿ ಗೊತ್ತಿಲ್ಲದವನು, ಶಕೀಲನನ್ನೇ ನೋಡುತ್ತ ಹೇಳಿದ:

"ಅರ್ಧ ಕೋಯ್ತಾ ನನಗ ನಡ್ಯೂದಿಲ್ಲ. ನಾಳಿ ಬಾಣಂತನ, ನಾಡದ ಕೂಸಿಗೆ ಜ್ವರಾ. ಹೆಂಗಸ್ರದು ಮುಗಿಯೂದಲ್ಲ ಅದು."

"ಇಲ್ಲಿ ನೋಡಿ ಮಾತಾಡೋ ಯಪ್ಪಾ," ಎಂದು ಶಾರವ್ವ ಪುಸ್ತಕ ತೆರೆದಳು. "ರೋಷನಬಿ. ಬಿಪಿ ಇಷ್ಟು, ಹೊತ್ತು ಇಷ್ಟು, ಸಿಸ್ಟರ್ ಸಹಿ ಐತಿ. ಗ್ಯಾಂಗು ಯಾರದು? ಯಮನೂರಂದು. ಅದನ್ನೂ ಬರದೀನಿ. ಆಕಿಗೆ ಏನರ ಆತಂದ್ರ ಪೊಲೀಸರು ಶಕೀಲನ್ನ ಕೇಳೂದಿಲ್ಲ, ನಿನ್ನ ಕೇಳ್ತಾರ. ಅರ್ಧ ಕೋಯ್ತಾ ಬೇಕೋ, ಪೂರಾ ಹೋಗಬೇಕೋ ನೀನ ಹೇಳು."

ಯಮನೂರ ಪುಸ್ತಕವನ್ನು ನೋಡಿದ. ಅವನಿಗೆ ಓದಲು ಬರುತ್ತಿತ್ತೋ ಇಲ್ಲವೋ, ತನ್ನ ಹೆಸರು ಎಲ್ಲೋ ಬರೆಯಲ್ಪಟ್ಟಿದೆ ಎಂಬುದೇ ಸಾಕಾಯಿತು. ಮೋಟಾರ್ ಸೈಕಲ್ ತಿರುಗಿಸಿಕೊಂಡು ಹೋದ.

ಶಹನಾಜ ಫೋನು ಮಾಡಿದ್ದ ಆಂಬುಲೆನ್ಸ್ ಬಂತು, ಶಾರವ್ವನೂ ಹತ್ತಿದಳು. ಬಾಗಲಕೋಟೆಯ ದವಾಖಾನೆಯಲ್ಲಿ ಮೊದಲು ಕೇಳಿದ್ದು ತಾಯಿ ಕಾರ್ಡು. ಅದು ರೋಷನಬಿಯ ಊರಿನಲ್ಲಿ, ಅತ್ತೆಯ ಟ್ರಂಕಿನಲ್ಲಿತ್ತು. ಮೇಜಿನ ಹಿಂದಿದ್ದವಳು ರೇಗಿದಳು: "ಎಂಟು ತಿಂಗಳು ಏನು ಮಾಡಾಕತ್ತಿದ್ದಿ? ಒಂದು ಚೆಕಪ್ಪಿಗೆ ಬರಾಕ ಆಗಲಿಲ್ಲೇನು?"

ರೋಷನಬಿಗೆ ಉತ್ತರ ಹೇಳುವ ತ್ರಾಣವಿರಲಿಲ್ಲ. ಶಾರವ್ವ ಹೇಳಿದಳು: "ನಿಮ್ಮ ಚಹಾದಾಗಿನ ಸಕ್ಕರಿ ಹೊರಾಕತ್ತಿದ್ಲ್ರಿ."

ಆಪರೇಷನ್ ಆಯಿತು. ಹೆಣ್ಣು ಕೂಸು, ಎರಡು ಕಿಲೊಗೂ ಕಡಿಮೆ, ಆದರೆ ಬದುಕಿತು. ತಾಯಿಯೂ ಬದುಕಿದಳು. ಶಾರವ್ವ ಹೊಸ ಕಾರ್ಡು ಮಾಡಿಸಿ, ಹಿಂದುಗಡೆ ತನ್ನ ನಂಬರು ದಪ್ಪಗೆ ಬರೆದಳು. ಏಳನೇ ದಿನ ಗುಡಿಸಲಿಗೆ ಬಿಟ್ಟು ಬರುವಾಗ ಶಕೀಲ ಒಲೆಯ ಮುಂದೆ ಇದ್ದ. ಅವನ ಭಾಕರಿ ಅಂಗೈ ದಪ್ಪ, ಅಂಚೆಲ್ಲ ಕರಕಲು. ಮಕ್ಕಳು ಅದನ್ನೇ ತಿನ್ನುತ್ತಿದ್ದವು. "ತಿಂಗಳೊಪ್ಪತ್ತು ಒಂದು ಕೊಡಾನೂ ಎತ್ತಸಬ್ಯಾಡ," ಎಂದಳು ಶಾರವ್ವ. ಅವನು ಹೂಂ ಅಂದ.

ತಿಂಗಳ ಸಭೆಯಲ್ಲಿ ಡಾಕ್ಟರು ವರದಿ ಓದಿದರು: ವಲಸೆ ಕಾರ್ಮಿಕರ ಶಿಬಿರದಲ್ಲಿ ಅಪಾಯದ ಗರ್ಭಿಣಿ ಒಬ್ಬಳ ಪತ್ತೆ, ತಾಯಿ ಮಗು ಕ್ಷೇಮ. ಶಾರವ್ವ ಎದ್ದು ನಿಂತಳು.

"ಶಿಬಿರದಾಗ ಅಲ್ರಿ ಸರ. ಶಿಬಿರದ ದಿವಸ ಆಕಿ ಹೊಲದಾಗ ಹೊರಿ ಹೊರಾಕತ್ತಿದ್ಲು. ಸಿಕ್ಕಿದ್ದು ಗುರುವಾರ ಏಳರ ಮ್ಯಾಲೆ, ಒಲಿ ಮುಂದ. ಹಂಗ ಬರೀರಿ."

"ಆತು, ಕೂಡ್ರು," ಅಂದರು ಡಾಕ್ಟರು. ಬರೆಯಲಿಲ್ಲ.

ಕೂಸಿನ ಹದಿನಾಲ್ಕನೇ ದಿನದ ಭೇಟಿಗೆ ಹೋದಾಗ ಬೀಳು ನೆಲ ಬರಿದಾಗಿತ್ತು. ಇಪ್ಪತ್ತೆರಡು ಒಲೆಗಳ ಕಲ್ಲು, ಬೂದಿ, ಹರಿದ ತಾಡಪತ್ರಿ. ಗ್ಯಾಂಗು ಎರಡು ದಿನದ ಹಿಂದೆಯೇ ಎದ್ದಿತ್ತು. ಎಲ್ಲಿಗೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಟ್ಟುಕೊಳ್ಳಬೇಕು ಎಂದೂ ಯಾರಿಗೂ ಅನಿಸಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಬಾದಾಮಿ ಕಡೆ ಮಲಪ್ರಭೆಯ ದಂಡೆಯ ಊರಿನ ಆಶಾ, ಪ್ರಿಯದರ್ಶಿನಿ ಎಂದು ಹೆಸರು, ಹೊಸಬಳು.

"ಅಕ್ಕಾರ, ಇಲ್ಲಿ ಗುಡಸಲದಾಗ ಒಂದು ಸಣ್ಣ ಕೂಸೈತಿ. ಕಾರ್ಡಿನ ಹಿಂದ ನಿಮ್ಮ ನಂಬರ್ ಇತ್ರಿ."

"ತಾಯಿ ಎಲ್ಲದಾಳ?"

"ಇಲ್ರಿ. ಕೂಸಿನ್ನ ಅಕ್ಕ ಹಿಡಕೊಂಡ ಕುಂತಾಳ. ತಾಯಿ ಹೊಲಕ್ಕ ಹೋಗ್ಯಾಳಂತ."

"ಹೊಲಕ್ಕ?"

"ಹೌದ್ರಿ. ನಿನ್ನಿಂದ ಹೊರಿ ಹೊರಾಕತ್ತಾಳಂತ. ಮುಕಾದಮ ಪೂರಾ ಕೋಯ್ತಾ ಇಲ್ಲಂದ್ರ ಗ್ಯಾಂಗ್ ಬಿಡ್ರಿ ಅಂದ್ನಂತ್ರಿ."

ಹೊಟ್ಟೆಯ ಹೊಲಿಗೆ ಬಿಚ್ಚಿ ವಾರವಷ್ಟೇ ಆಗಿತ್ತು. ಶಾರವ್ವ ಗಡಿಯಾರ ನೋಡಿದಳು.

"ತಂಗೀ, ಈಗ ಆಕಿ ಸಿಗೂದಿಲ್ಲ. ಸಂಜಿ ಏಳಕ್ಕ ಹೋಗೂಣು, ನಿಮ್ಮ ಸಿಸ್ಟರನ್ನ ಕರಕೊಂಡ. ನಾ ಬರಾಕತ್ತೀನಿ."

ಬಿಚ್ಚಿಟ್ಟಿದ್ದ ಗುಲಾಬಿ ಸೀರೆ ಮತ್ತೆ ಉಟ್ಟಳು. ಪುಸ್ತಕ ಚೀಲಕ್ಕೆ ಹಾಕಿದಳು. ಊಟ ಮಾಡಿ ಅಡ್ಡಾಗಿ ಫೋನಿನ ಮಾತು ಕೇಳಿಸಿಕೊಂಡಿದ್ದ ದುರಗಪ್ಪ ಎದ್ದು ಕೂತ.

"ಬಾದಾಮಿ ನಿನ್ನ ಏರಿಯಾ ಅಲ್ಲಲಾ?"

"ಕೂಸು ನನ್ನ ಪುಸ್ತಕದಾಗ ಐತಿ."

ಅವನು ಏನೋ ಕೇಳಲು ಹೋದವನು, ಹಿಟ್ಟಿನ ಡಬ್ಬಿಯ ಕಡೆ ಒಮ್ಮೆ ನೋಡಿ, ಅದನ್ನು ನುಂಗಿಕೊಂಡ. ಬೇರೆ ಮಾತು ಕೇಳಿದ.

"ಯಾವಾಗ ಬರ್ತಿ?"

ಶಾರವ್ವ ಚಪ್ಪಲಿ ಮೆಟ್ಟಿ ಆಗಲೇ ಅಂಗಳದಲ್ಲಿದ್ದಳು.

"ಆಕಿ ಹೊರಿ ಇಳಿಸಿದ ಮ್ಯಾಲೆ."