ಹತ್ತು ದಿನಕ್ಕೆ ಏಳು ಊರು

ನಮ್ಮ ಮನೆಯವರು ಬಾದಾಮಿಯಲ್ಲಿ ಮೂವತ್ತು ವರ್ಷ ಗೈಡ್ ಕೆಲಸ ಮಾಡಿದವರು. ಬೆಳಿಗ್ಗೆ ಹತ್ತಕ್ಕೆ ಕಾರಿನಿಂದ ಇಳಿದು, ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಮುಗಿಸಿ ಸಂಜೆಗೆ ಹಂಪಿಯಲ್ಲಿರಬೇಕು ಎನ್ನುವ ಪ್ರವಾಸಿಗರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು. “ನೋಡಾಕ ಬರ್ತಾರೋ, ಮುಟ್ಟಿ ಓಡಾಕ ಬರ್ತಾರೋ? ಗುಹಿ ಒಳಗ ಕಾಲಿಟ್ಟ ಮ್ಯಾಲೆ ಕಣ್ಣು ಕತ್ತಲಿಗೆ ಹೊಂದಾಕ ಐದು ಮಿನಿಟ್ ಬೇಕು. ಅಷ್ಟೂ ನಿಂದ್ರಂಗಿಲ್ಲ ಇವ್ರು!” ಅಂಥ ಮನುಷ್ಯ ನಮ್ಮಿಬ್ಬರ ಇಟಲಿ ಪ್ರವಾಸಕ್ಕೆಂದು ಬರೆದ ಕಾಗದ ನೋಡಿ ನಾನು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟೆ. ಹತ್ತು ದಿನ, ಏಳು ಊರು. ರೋಮ್, ನೇಪಲ್ಸ್, ಪಾಂಪೇ, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್.

ನಾನು ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ಹೋದ ವರ್ಷವಷ್ಟೇ ನಿವೃತ್ತಳಾದವಳು. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಕೆಂಪು ಪೆನ್ನು ತಗೊಂಡು ಅವರ ಎದುರಿಗೇ ಕುಳಿತೆ.

“ಏನ್ರಿ ಇದು? ಇಳಿದ ದಿನಾನೇ ಅರ್ಧ ರೋಮ್ ಮುಗಿಸೀರಿ. ರಾತ್ರಿಯೆಲ್ಲಾ ವಿಮಾನದಾಗ ಕುಂತು ಹೋದವ್ರು ಅವತ್ತು ಅಡ್ಡಾಗೂದು ಬ್ಯಾಡೇನು?”

“ಅಡ್ಡಾಗಾಕ ಅಲ್ಲೀತನಾ ಹೋಗಬೇಕೇನು? ಇಲ್ಲಿ ಹಾಸಿಗಿ ಇಲ್ಲ?”

“ರೋಮಿನಿಂದ ಫ್ಲಾರೆನ್ಸಿಗೆ ಒಂದೂವರಿ ತಾಸು ಅಂತ ಬರ್ದೀರಿ.”

“ರೈಲು ಅಷ್ಟೇ ತಗೋತೈತಿ. ಬೇಕಾದ್ರ ಫೋನಿನಾಗ ನೋಡು.”

“ರೈಲು ತಗೋತೈತ್ರಿ. ಕೋಣಿ ಖಾಲಿ ಮಾಡೂದು, ಬ್ಯಾಗ್ ಎಳಕೊಂಡು ಸ್ಟೇಶನ್ನಿಗೆ ಹೋಗೂದು, ಅಲ್ಲಿ ಇಳಿದು ಮತ್ತ ಹೊಸಾ ಕೋಣಿ ಹುಡುಕೂದು, ಅದನ್ನ ಯಾರು ಲೆಕ್ಕಾ ಹಿಡಿಯೂದು? ಅರ್ಧಾ ದಿನ ಅಲ್ಲೇ ಹೋತು. ಮ್ಯಾಲೆ ಫ್ಲಾರೆನ್ಸ್ ಸೋಮವಾರ ಹಾಕೀರಿ. ಅಲ್ಲಿ ದೊಡ್ಡ ಚಿತ್ರಶಾಲಿ ಸೋಮವಾರ ಬಂದ್ ಇರತೈತಿ. ಇಷ್ಟು ವರ್ಷ ಗೈಡ್ ಆದವ್ರು, ಹೋಗಿ ಬಾಗಿಲಾ ನೋಡಿ ಬರೂನೇನು?”

ಅವರ ಮುಖ ಕೆಂಪಾಯಿತು. “ಹಂಗಾರ ಏನು ಬಿಡ್ಲಿ? ನೀನೇ ಹೇಳು.”

“ನಾಕು ಊರು ಬಿಡ್ರಿ. ಮುಂದಿನ ಸಲ ನೋಡಿದ್ರಾತು.”

ಮಾತು ಬಾಯಿಂದ ಬಿದ್ದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು.

“ನನಗ ಮುಂದಿನ ಸಲ ಎಲ್ಲೈತಿ?” ಅಂದರು.

ಅವರಿಗೆ ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನೋಟ ಅಂಚಿನಿಂದ ಒಳಗೆ ಸಾಯುತ್ತ ಬರುವ ರೋಗ. ಎದುರಿಗೆ ಇರುವುದು ಚೆನ್ನಾಗಿಯೇ ಕಾಣುತ್ತದೆ, ಬದಿಗೆ ಇರುವುದು ಇಲ್ಲವೇ ಇಲ್ಲ. ಎರಡು ವರ್ಷದ ಹಿಂದೆ ಗುಹೆಯ ಮೆಟ್ಟಿಲಲ್ಲಿ ಎರಡು ಸಲ ಬಿದ್ದ ಮೇಲೆ ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. “ಹೋದ ನೋಟ ವಾಪಸ್ ಬರಂಗಿಲ್ರಿ. ಉಳಿದದ್ದನ್ನ ಕಾಯ್ಕೊಳ್ಳೂಣು. ಎಷ್ಟು ವರ್ಷ ಉಳಿತೈತಿ ಅಂತ ಮಾತ್ರ ನನ್ನ ಕೇಳಬ್ಯಾಡ್ರಿ,” ಅಂದರು. ದಿನಕ್ಕೆರಡು ಹೊತ್ತು ಕಣ್ಣಿಗೆ ಹನಿ ಹಾಕಬೇಕು. ಗೈಡ್ ಕೆಲಸ ಅಲ್ಲಿಗೆ ನಿಂತಿತು. ಅವತ್ತು ಬಾದಾಮಿಗೆ ಮರಳುವ ಬಸ್ಸಿನಲ್ಲಿ ಒಂದೇ ಮಾತು ಆಡಿದರು. “ಮೂವತ್ತು ವರ್ಷ ಮಂದಿಗೆ ನಮ್ಮ ಕಲ್ಲು ತೋರಿಸೇನಿ. ಮಂದಿ ಕಲ್ಲು ಒಮ್ಮೆ ನಾ ನೋಡಬೇಕು.” ಇಟಲಿಯಿಂದ ಬಂದ ಪ್ರವಾಸಿಗರು ವರ್ಷವರ್ಷವೂ ‘ನಮ್ಮೂರಿಗೆ ಒಮ್ಮೆ ಬನ್ನಿ’ ಎಂದು ಹೇಳಿ ಹೋಗಿದ್ದು ಅವರ ತಲೆಯಲ್ಲಿ ಕುಳಿತಿತ್ತು.

ಹಾಗಾಗಿ ಆ ಕೆಂಪು ಪೆನ್ನು ನನ್ನ ಕೈಯಲ್ಲಿ ಭಾರವಾಯಿತು. ನಾನು ಹೊಡೆದುಹಾಕಿದ ಊರನ್ನು ಅವರು ಈ ಜನ್ಮದಲ್ಲಿ ನೋಡುವುದಿಲ್ಲ. ಹೊಡೆಯದೆ ಬಿಟ್ಟರೆ ಆ ಕಣ್ಣಿಟ್ಟುಕೊಂಡು ಗುರುತಿಲ್ಲದ ಸ್ಟೇಶನ್ನುಗಳಲ್ಲಿ, ಭಾಷೆ ಬಾರದ ಜನರ ನಡುವೆ, ದಿನಾ ಓಡಬೇಕು. ಎಲ್ಲಾದರೂ ಬಿದ್ದರೆ? ಎಲ್ಲಾದರೂ ತಪ್ಪಿಸಿಕೊಂಡರೆ? ಇದನ್ನು ಬಾಯಿ ಬಿಟ್ಟು ಹೇಳಿದರೆ ಅವರು ಸಿಡಿಯುತ್ತಿದ್ದರು. “ನಾ ಏನು ಕುಡ್ಡ ಆಗೇನೇನು?” ಎಂದು ಎದ್ದು ಹೋಗುತ್ತಿದ್ದರು.

ವೀಸಾಕ್ಕೆ ಕಾಗದ ಕೊಡಲು ಬೆಂಗಳೂರಿಗೆ ಹೋಗುವುದಕ್ಕೆ ಒಂದು ವಾರ ಉಳಿದಿತ್ತು. ಯಾವ ರಾತ್ರಿ ಯಾವ ಊರಿನಲ್ಲಿ ಎಂಬುದನ್ನು ಅದರಲ್ಲಿ ಖಚಿತವಾಗಿ ಬರೆಯಬೇಕು. ನಾಲ್ಕು ದಿನ ಜಗಳದಲ್ಲೇ ಹೋಯಿತು. ಅವರು ಒಂದು ಊರು ಬಿಡಲಿಲ್ಲ, ನಾನು ಒಂದು ಮಾತು ಬಿಡಲಿಲ್ಲ. ಐದನೆಯ ದಿನ ರೊಟ್ಟಿ ಬಡಿಯುತ್ತ ಒಂದು ಪಂದ್ಯ ಕಟ್ಟಿದೆ.

“ನಿಮ್ಮ ಕಾಗದದಾಗ ಹೆಂಗೈತಿ, ನಾಳೆ ಒಂದು ದಿನ ಹಂಗ ಇಲ್ಲೇ ಮಾಡೂಣು. ಬಾದಾಮಿ ಬಿಟ್ಟು ಪಟ್ಟದಕಲ್ಲು, ಐಹೊಳೆ, ಹುನಗುಂದ, ಸಂಜಿ ನಾಕಕ್ಕ ಇಳಕಲ್ಲ. ರಾತ್ರಿ ನನ್ನ ತವರುಮನ್ಯಾಗ ವಸ್ತಿ. ಬಸ್ಸಿನಾಗ, ತುಂಬಿದ ಬ್ಯಾಗ್ ಸಮೇತ. ಹೇಳಿದ ಟೈಮಿಗೆ ಮುಟ್ಟಿದ್ರ ನಾ ಒಂದು ಊರಿಗೂ ಕೈ ಹಚ್ಚಂಗಿಲ್ಲ. ಮುಟ್ಟಲಿಲ್ಲ ಅಂದ್ರ ಪೆನ್ನು ನಂದು.”

“ಮುಟ್ಟಿ ತೋರಸ್ತೇನಿ,” ಅಂದರು. ಈ ದಾರಿ ಅವರಿಗೆ ಅಂಗೈಯಷ್ಟು ಪರಿಚಿತ. ಗೆದ್ದೇ ಬಿಟ್ಟೆ ಅಂದುಕೊಂಡಿದ್ದರು.

ಮರುದಿನ ಕಣ್ಣಿಗೆ ಹನಿ ಹಾಕಿಕೊಂಡು ಎರಡು ಮಿನಿಟು ಕಣ್ಣು ಮುಚ್ಚಿ ಕೂಡಬೇಕಾದವರು ಅರ್ಧ ಮಿನಿಟಿಗೇ ಎದ್ದುಬಿಟ್ಟರು. ಪಟ್ಟದಕಲ್ಲಿಗೆ ಮುಕ್ಕಾಲು ತಾಸು ಎಂದು ಬರೆದಿದ್ದರು. ದೊಡ್ಡ ಗುಡಿಯೊಳಗೆ ಒಂದೇ ಕಂಬದ ಮುಂದೆ ಇಪ್ಪತ್ತು ಮಿನಿಟು ಕಥೆ ಹೇಳುತ್ತಿದ್ದ ಮನುಷ್ಯ ಅವತ್ತು ಅದರ ಮುಂದೆ ನಿಂತು ಗಡಿಯಾರ ನೋಡಿಕೊಂಡರು. ಕಾವಲುಗಾರ ಗುರುತು ಹಿಡಿದು “ಭಾಳ ದಿನಾ ಆತಲ್ರಿ, ಬರ್ರಿ, ಚಾ ಕುಡಿಯೂಣು” ಅಂದರೆ, “ಇಲ್ಲೋ, ಬಸ್ಸೈತಿ” ಎಂದು ಹೊರಟೇ ಬಿಟ್ಟರು. ನಾನು ಅವನಿಗೆ ಕೈಮುಗಿದು ಅವರ ಹಿಂದೆ ನಡೆದೆ. ಪಂದ್ಯ ಪಂದ್ಯವೇ.

ಐಹೊಳೆಯ ಬಸ್ಸು ತಡವಾಯಿತು. ಇಳಿದ ಮೇಲೆ ಹೋದ ಹೊತ್ತನ್ನು ಹಿಡಿಯಲು ಅವರು ದಾಪುಗಾಲು ಹಾಕಿದರು. ಗುಡಿಯ ಸುತ್ತಿನ ದಾರಿಯಲ್ಲಿ ಎಡಕ್ಕೆ ಒಂದು ಕಲ್ಲು ಮೆಟ್ಟಿಲು. ಅದು ಅಲ್ಲಿದೆ ಎಂದು ಸಾವಿರ ಜನರಿಗೆ ಹೇಳಿದವರು ಅವರೇ. ಅವಸರದಲ್ಲಿ ನೆನಪು ಕೈಕೊಟ್ಟಿತು, ಕಣ್ಣು ಮೊದಲೇ ಕೈಕೊಟ್ಟಿತ್ತು. ಮುಗ್ಗರಿಸಿದರು. ನಾನು ರಟ್ಟೆ ಹಿಡಿದೆ. ಕೊಡವಿಕೊಂಡರು.

“ಬಿಡು. ಮಂದಿ ನೋಡ್ತಾರ.”

“ನೋಡ್ಲಿ ಬಿಡ್ರಿ, ಬಿದ್ದ ಮ್ಯಾಲೆ ನೋಡೂದಕ್ಕಿಂತ ಚಲೋ,” ಅಂದೆ. ಅಲ್ಲಿಂದ ಅಮೀನಗಡ ದಾಟಿ ಹುನಗುಂದ ಮುಟ್ಟುವವರೆಗೂ ಅವರು ಗಡಿಯಾರ ನೋಡುವುದನ್ನು ಬಿಡಲಿಲ್ಲ.

ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಬಿಟ್ಟ ಹೊತ್ತಿನ ಗದ್ದಲ. ಇಳಕಲ್ಲಿನ ಬಸ್ಸು ಹೊರಡಲು ನಿಂತಿತ್ತು, ಕಂಡಕ್ಟರ್ ಸೀಟಿ ಊದುತ್ತಿದ್ದ. ಆ ಬಸ್ಸು ಸಿಕ್ಕಿದ್ದರೆ ನಾಲ್ಕಕ್ಕೆ ಹತ್ತು ಮಿನಿಟು ಮೊದಲೇ ಇಳಕಲ್ಲ ಮುಟ್ಟಿ ಅವರು ಗೆಲ್ಲುತ್ತಿದ್ದರು. “ಬಾ, ಬಾ ಲಗೂನ!” ಎನ್ನುತ್ತ ಬ್ಯಾಗ್ ಎಳೆದುಕೊಂಡು ಮುಂದೆ ಓಡಿದರು. ನಾನು ಹಿಂದೆ ಓಡುತ್ತಿದ್ದವಳು ಒಂದು ಬದಿಗೆ ಸರಿದು ನಿಂತುಬಿಟ್ಟೆ. ನಮ್ಮಿಬ್ಬರ ನಡುವೆ ಎರಡು ಮಾರು ದೂರ ಕೂಡ ಇರಲಿಲ್ಲ.

ಅವರು ಬಸ್ಸಿನ ಬಾಗಿಲಲ್ಲಿ ಕಾಲಿಟ್ಟು ಹೊರಳಿ ನೋಡಿದರು. ಅವರ ಬಲಕ್ಕೆ ನಿಂತಿದ್ದ ನಾನು ಕಾಣಲಿಲ್ಲ. ಎದುರಿಗೆ ನೋಡಿದರು, ಎಡಕ್ಕೆ ನೋಡಿದರು, ಮತ್ತೆ ಎದುರಿಗೆ. ಕಾಲೇಜು ಹುಡುಗಿಯರ ಗುಂಪು ಅವರನ್ನು ತಳ್ಳಿಕೊಂಡು ಬಸ್ಸು ಹತ್ತಿತು. ಅವರು ಕೆಳಗಿಳಿದರು.

“ಏ,” ಅಂದರು. “ಏ, ಎಲ್ಲಿದ್ದಿ?”

‘ಇಲ್ಲೇ’ ಅನ್ನಲು ಒಂದು ಉಸಿರು ಸಾಕಿತ್ತು. ನಾನು ಅನ್ನಲಿಲ್ಲ. ಬೇಕೆಂತಲೇ ಅನ್ನಲಿಲ್ಲ. ತಾವು ಏನನ್ನು ಕಾಣುವುದಿಲ್ಲ ಎಂಬುದು ಅವರಿಗೆ ಇಲ್ಲೇ ತಿಳಿಯಲಿ, ರೋಮಿನ ಸ್ಟೇಶನ್ನಿನಲ್ಲಿ ಬೇಡ ಎಂದು ಹಲ್ಲು ಕಚ್ಚಿ ನಿಂತೆ. ಬಸ್ಸು ಹೊರಟುಹೋಯಿತು. ಅವರ ಕೈಯಿಂದ ಬ್ಯಾಗು ಜಾರಿ ಬಿತ್ತು. ಅದನ್ನೂ ಎತ್ತಿಕೊಳ್ಳಲಿಲ್ಲ.

ಆಮೇಲೆ ಅವರು ನನ್ನ ಹೆಸರು ಹಿಡಿದು ಕೂಗಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಮನೆಯೊಳಗೂ ಅವರು ನನ್ನ ಹೆಸರು ಕರೆದವರಲ್ಲ. ಎಲ್ಲಕ್ಕೂ ‘ಏ’, ಎಲ್ಲಕ್ಕೂ ‘ಇಲ್ಲಿ ನೋಡು’. ಇಡೀ ಬಸ್ ಸ್ಟ್ಯಾಂಡ್ ಹೊರಳಿ ನೋಡುವಂತೆ ಮೂರು ಸಲ ಕೂಗಿದರು. ಮೂರನೆಯ ಸಲ ದನಿ ಒಡೆಯಿತು.

ಅಯ್ಯೋ ಶಿವನೇ, ನಾನೆಂಥ ಪಾಪಿ ಎಂದು ಓಡಿಹೋಗಿ ಕೈ ಹಿಡಿದೆ.

“ಎಲ್ಲಿ ಹೋಗಿದ್ದಿ?”

ಸುಳ್ಳು ಹೇಳಬಹುದಿತ್ತು. ನೀರು ತರಲು ಹೋಗಿದ್ದೆ ಅಂದರೆ ನಂಬುತ್ತಿದ್ದರು. “ಎಲ್ಲೂ ಹೋಗಿದ್ದಿಲ್ರಿ. ಇಲ್ಲೇ ನಿಂತಿದ್ದೆ,” ಅಂದೆ.

ಅವರು ಕೈ ಬಿಡಿಸಿಕೊಂಡರು. “ನಾ ಕೂಗೂದು ಕೇಳಿಸ್ತು?”

“ಕೇಳಿಸ್ತು.”

ಹೋಗಿ ಕಲ್ಲುಬೆಂಚಿನ ಮೇಲೆ ಕುಳಿತರು. ನಾನು ಬ್ಯಾಗು ಎತ್ತಿಕೊಂಡು ಪಕ್ಕದಲ್ಲಿ ಕುಳಿತೆ. ಬೈಯಲಿ ಎಂದು ಕಾದೆ. ಎರಡೇಟು ಹೊಡೆದಿದ್ದರೂ ಅವತ್ತು ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಒಂದು ಬಸ್ಸು ಹೋಯಿತು, ಇನ್ನೊಂದು ಬಂತು. ಕೊನೆಗೆ ಅಂಗಿಯ ಕಿಸೆಯಿಂದ ಆ ಕಾಗದ ತೆಗೆದು ನನ್ನ ತೊಡೆಯ ಮೇಲಿಟ್ಟರು.

“ಹೊಡಿ. ಪೆನ್ನು ನಿಂದು.”

“ನೀವೇ ಹೊಡೀರಿ.”

“ನನ್ನ ಕೈಲೆ ಆಗಂಗಿಲ್ಲ.”

ಪಾಂಪೇ ಹೊಡೆದೆ. ನೇಪಲ್ಸ್ ಹೊಡೆದೆ. ಪೀಸಾ, ಮಿಲಾನ್. ಒಂದೊಂದು ಗೆರೆಗೂ ಅವರು ಕಾಗದವನ್ನೇ ನೋಡುತ್ತಿದ್ದರು, ಕಣ್ಣು ತೆಗೆಯಲಿಲ್ಲ. ಉಳಿದ ಮೂರರಲ್ಲಿ ರೋಮಿಗೆ ನಾಲ್ಕು ರಾತ್ರಿ ಬರೆದೆ, ಮೊದಲ ದಿನ ಬರೀ ನಿದ್ದೆ ಎಂದು. ಫ್ಲಾರೆನ್ಸಿಗೆ ಮೂರು, ಸೋಮವಾರ ತಪ್ಪಿಸಿ. ವೆನಿಸಿನ ಹೆಸರಿನ ಮೇಲೆ ಪೆನ್ನು ನಿಂತಿತು. ಸಂದಿಗೊಂದಿಯಲ್ಲೆಲ್ಲ ನೀರು, ಎಷ್ಟೋ ಕಡೆ ಅಂಚಿಗೆ ಕಟಾಂಜನವಿಲ್ಲ, ಹೆಜ್ಜೆಗೊಂದು ಸೇತುವೆ, ಸೇತುವೆಗೆಲ್ಲ ಮೆಟ್ಟಿಲು. ಈ ಏಳು ಊರುಗಳಲ್ಲಿ ಅವರು ಹೆಚ್ಚು ಆಸೆಪಟ್ಟದ್ದೂ ಅದನ್ನೇ. ಹೊಡೆಯಲೇಬೇಕಾದ ಊರು ಅದು, ಹೊಡೆಯಲು ನನ್ನ ಕೈ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅಕ್ಷರವೆಲ್ಲ ಕಲಸಿಹೋಯಿತು.

ಅವರು ಎದುರಿನ ಬಸ್ಸನ್ನು ನೋಡುತ್ತಲೇ ಹೇಳಿದರು.

“ಅದನ್ನೂ ಹೊಡೀತಿದ್ರ ಹೊಡಿ. ನಾ ಏನೂ ಅನ್ನಂಗಿಲ್ಲ. ಒಂದು ಊರು ಉಳದ್ರೂ ಸಾಕು. ಆದರ ಅಲ್ಲಿ ಹೋದ ಮ್ಯಾಲೆ ಹಿಂಗ ಸುಮ್ಮನ ನಿಂದ್ರಬ್ಯಾಡ.”

ಇನ್ನು ಸುಮ್ಮನಿರುವ ಹಾಗಿರಲಿಲ್ಲ. ವೆನಿಸ್ ಮುಂದೆ ಎರಡು ರಾತ್ರಿ ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದೆ.

“ಇಲ್ಲೇ ಅದೀನ್ರಿ,” ಅಂದೆ. “ನಿಮ್ಮ ಬಲಕ್ಕ.”