ಬಿಳಿಚಿಕೊಂಡ ಕಲ್ಲು

ಬೀಗದಣ್ಣ ನೆಟ್ಟಗೆ ಕುಳಿತದ್ದನ್ನು ಹದಿನೆಂಟು ವರ್ಷಗಳಲ್ಲಿ ನಾನು ನೋಡಿರಲಿಲ್ಲ. ಊಟವನ್ನೂ ನಿಂತೇ ಮಾಡುವರು. ನಮ್ಮ ಕಾಲೇಜಿನ ಕಲ್ಲುಗಳ ಕೋಣೆಗೆ ಅವರೇ ಕಾವಲು, ಅವರೇ ಯಜಮಾನರು. ಸೊಂಟದಲ್ಲಿ ನಲವತ್ತೊಂದು ಬೀಗದ ಕೈ. ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ಮತ್ತೆ ಬಂದು ಎಳೆದು ನೋಡುವರು. ಅದೇ ಭೂವಿಜ್ಞಾನ ವಿಭಾಗದ ಗುಮಾಸ್ತೆ ನಾನು. ಆ ಗಲಗಲ ಸದ್ದಿಲ್ಲದೆ ನನಗೆ ಟೈಪು ಮಾಡಲೂ ಬರುತ್ತಿರಲಿಲ್ಲ.

ಕಸ ಗುಡಿಸಲು ಸೇರಿದವರು, ಹಳೆಯ ಪ್ರೊಫೆಸರ ಪಾಠವನ್ನು ಬಾಗಿಲಲ್ಲಿ ನಿಂತು ಕೇಳಿಯೇ ಎರಡು ಸಾವಿರ ಕಲ್ಲುಗಳ ಗುರುತು ಹಿಡಿದರು. ಕೆಲವನ್ನು ನಾಲಿಗೆಗೆ ತಾಗಿಸಿ ಹೆಸರು ಹೇಳುವರು. ಯಾವುದನ್ನು ನೆಕ್ಕಬಾರದೆಂದೂ ಗೊತ್ತಿತ್ತು. ಇಲ್ಲದಿದ್ದರೆ ನಿವೃತ್ತಿಯ ವಯಸ್ಸಿನವರೆಗೆ ಅವರು ಬದುಕಿರುತ್ತಿರಲಿಲ್ಲ. ಪ್ರತಿ ಕಲ್ಲಿನ ಚೀಟಿ ಬಾಗಿಲ ಕಡೆ ಮುಖ ಮಾಡಿರಬೇಕು. ಅವರ ಊಟದ ಡಬ್ಬಿಯ ಮುಚ್ಚಳದಲ್ಲಿದ್ದ ತಗ್ಗು ಕೂಡ ಕೊಂಡಿಯ ನೇರಕ್ಕೇ ಬರಬೇಕು. ನಾನು ನಗುತ್ತಿದ್ದೆ. ನಕ್ಕರೂ ದಿನಾ ಆ ಡಬ್ಬಿಯನ್ನು ಮೊದಲು ನನ್ನ ಕಡೆ ಸರಿಸಿ, “ತಗೋ ತಂಗಿ” ಅನ್ನುವರು.

ಅವರ ನಿವೃತ್ತಿಗೆ ಆರು ವಾರ ಉಳಿದಿದ್ದ ಒಂದು ಮಂಗಳವಾರ ವಿಭಾಗದ ಹೊಸ ಮುಖ್ಯಸ್ಥೆ ರಿಜಿಸ್ಟರು ಹಿಡಿದು ಕಲ್ಲುಗಳನ್ನು ತಾಳೆ ನೋಡಲು ಕುಳಿತರು; ಶುಕ್ರವಾರ ತಪಾಸಣೆಯ ಸಮಿತಿ ಬರುವುದಿತ್ತು. ನಮ್ಮಲ್ಲಿದ್ದ ಅತಿ ಅಪರೂಪದ ಕಲ್ಲು ಟಗ್ಟುಪೈಟ್, ಬೆರಿಲಿಯಂ ಬೆರೆತ ಒಂದು ಸಿಲಿಕೇಟ್. ರಿಜಿಸ್ಟರಿನಲ್ಲಿ ‘ಕಡು ಕೆಂಪು’ ಎಂದಿತ್ತು. ಬೀಗದಣ್ಣ ಕಬ್ಬಿಣದ ಪೆಟ್ಟಿಗೆ ತೆರೆದು ಹತ್ತಿ ಬಿಡಿಸಿದರೆ ಒಳಗೆ ಜ್ವರ ಬಿಟ್ಟವರ ಮುಖದಂಥ ಬಿಳಿಚಿದ ತುಂಡು. ಅಸಲಿಯನ್ನು ಕದ್ದು ಬೇರೆ ಕಲ್ಲಿಟ್ಟಿದ್ದಾರೆಂದು ಮುಖ್ಯಸ್ಥೆಗೆ ಅನುಮಾನ ಬಂತು.

ತಪ್ಪು ಅವರದೇ, ಆದರೆ ಕಳ್ಳತನದ್ದಲ್ಲ. ಬೆಳಕಿಗೆ ಹಾಳಾಗುವ ಕಲ್ಲುಗಳನ್ನು ಕತ್ತಲಲ್ಲಿಡುವುದು ಆ ಕೋಣೆಯ ನಿಯಮ. ಎರಡು ವರ್ಷದ ಹಿಂದೆ, ಅಪರೂಪದ ಕಲ್ಲಿಗೂ ಕತ್ತಲೇ ಇರಲಿ ಎಂದು ಅವರು ಇದನ್ನೂ ಪೆಟ್ಟಿಗೆಗೆ ಸೇರಿಸಿದ್ದರು. ಇದರ ಗುಣವೋ ತದ್ವಿರುದ್ಧ ಎಂದು ಅವರಿಗೆ ಈಗ ನೆನಪಾಯಿತು: ಕತ್ತಲಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಬಿಸಿಲು ಕಂಡರೆ ಮತ್ತೆ ಕೆಂಪೇರುತ್ತದೆ. ಮುಖ್ಯಸ್ಥೆ ಪುಸ್ತಕ ತೆಗೆದು ನೋಡಿದರು, ಹಾಗೆಯೇ ಇತ್ತು. ಆದರೆ ಪುಸ್ತಕ ಹೇಳುವುದು ಅಸಲಿ ಕಲ್ಲಿನ ಮಾತು, ಇದು ಅಸಲಿ ಎನ್ನುವುದಕ್ಕೆ ಏನು ಆಧಾರ ಎಂದರು. ಅದನ್ನು ಚೆರ‍್ರಿ ಹಣ್ಣಿನಂತೆ ಹೊಳೆಯಿಸಿ ತೋರಿಸಬಲ್ಲ ನೇರಳಾತೀತ ದೀಪ ಕೆಟ್ಟು ಮೂಲೆ ಸೇರಿತ್ತು. ಹಾಗಾಗಿ ಶುಕ್ರವಾರದೊಳಗೆ ಕಲ್ಲು ಕೆಂಪಾಗಬೇಕು, ಇಲ್ಲವಾದರೆ ನೋಟಿಸ್. ನೋಟಿಸನ್ನು ಟೈಪು ಮಾಡಿಟ್ಟವಳು ನಾನೇ. ಬೀಗದ ಕೈಗಳೂ ನನ್ನ ಮೇಜಿಗೆ ಬಂದವು.

ಕಲ್ಲನ್ನು ಒಬ್ಬರೇ ಮುಟ್ಟಕೂಡದೆಂದು ಆದೇಶವಾಯಿತು. ಮುಂದೆ ಅವರು, ಕೈಯಲ್ಲಿ ಚಹಾದ ಬಸಿಯ ಮೇಲೆ ಕಲ್ಲು. ಹಿಂದೆ ನಾನು, ಕಂಕುಳಲ್ಲಿ ರಿಜಿಸ್ಟರು. ಬುಧವಾರವಿಡೀ ಮೋಡ. ಅವರು ಮೆಟ್ಟಿಲ ಕಿಟಕಿ, ಗ್ರಂಥಾಲಯದ ಕಿಟಕಿ, ಮತ್ತೆ ಮೆಟ್ಟಿಲ ಕಿಟಕಿ ಎಂದು ಕಾಲು ಸುಟ್ಟ ಬೆಕ್ಕಿನಂತೆ ಅಲೆದರು. ಸೊಂಟದಲ್ಲಿ ಕೀಲಿಗಳಿಲ್ಲದಿದ್ದರೂ ಕೈ ಅಲ್ಲಿಗೇ ಹೋಗಿ ತಡಕಾಡುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದು ಮುಖ್ಯಸ್ಥೆ ನನಗಷ್ಟೇ ಕೇಳುವಂತೆ ಮೆಲ್ಲಗೆ ಅಂದರು. ಅವರ ಹುಟ್ಟುಗುಣವೇ ಈಗ ಅವರ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು.

ಗುರುವಾರ ಮಧ್ಯಾಹ್ನ ಬಿಸಿಲು ಬಂತು. ಗ್ರಂಥಾಲಯದ ಮುಚ್ಚಿದ ಕಿಟಕಿಯ ಒಳಗೆ ಬಸಿಯಿಟ್ಟು ಇಬ್ಬರೂ ಒಂದು ಗಂಟೆ ಕಣ್ಣು ಮಿಟುಕಿಸದೆ ನೋಡಿದೆವು. ಕಲ್ಲು ಹಾಗೆಯೇ ಇತ್ತು. ಅವರ ತುಟಿ ಒಣಗಿತು. ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು: ಮನುಷ್ಯನಲ್ಲವೇ, ಎಲ್ಲೋ ಒಮ್ಮೆ ಆಸೆಗೆ ಬಿದ್ದಿದ್ದರೆ? ಅವರು ಮುಖ ತೊಳೆಯಲು ಹೋದಾಗ ಅವರ ಚೀಲ ನೋಡಿದೆ. ಕರವಸ್ತ್ರ, ಕನ್ನಡಕ, ಖಾಲಿ ಡಬ್ಬಿ. ಡಬ್ಬಿಯನ್ನೂ ತೆರೆದು ನೋಡಿದೆ. ಏನೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ನನಗಿಂತ ಮೊದಲೇ ಬಂದು ಗೇಟಿನ ಬಳಿ ಓಡಾಡುತ್ತಿದ್ದರು. ಹಳೆಯ ಪ್ರೊಫೆಸರು ಈ ಕಲ್ಲನ್ನು ತೋರಿಸುವಾಗಲೆಲ್ಲ ಕಿಟಕಿ ತೆರೆಸುತ್ತಿದ್ದರು ಎಂದು ರಾತ್ರಿ ನೆನಪಾಯಿತಂತೆ. ಸೆಕೆಗೆ ಅಂದುಕೊಂಡಿದ್ದರಂತೆ. ಬಣ್ಣ ತರುವ ಕಿರಣವನ್ನು ಗಾಜು ತಡೆಯುತ್ತದೆ ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಬಸಿಯನ್ನು ಅಂಗಳದ ಕಟ್ಟೆಯ ಮೇಲಿಟ್ಟೆವು. ಮುಖ್ಯಸ್ಥೆಯೂ ಬಂದು ನಿಂತರು. ಬಿಸಿಲು ಮೋಡದಲ್ಲಿ ಹೊಕ್ಕು ಹೊರಬರುತ್ತಿತ್ತು. ಪ್ರತಿ ಸಲ ನೆರಳು ಬಿದ್ದಾಗ ಬೀಗದಣ್ಣ ಕಟ್ಟೆಯನ್ನು ಒಂದು ಸುತ್ತು ಹಾಕುವರು. ನಾಲ್ಕನೇ ಸುತ್ತಿಗೆ ಕಲ್ಲಿನ ಅಂಚಿನಲ್ಲಿ ನಸುಗೆಂಪು ಕಂಡಿತು. ನನ್ನ ಕಣ್ಣಿನ ಭ್ರಮೆ ಅಂದುಕೊಂಡೆ. ನೋಡನೋಡುತ್ತ ಅದು ಮೈತುಂಬ ಹರಡಿತು.

ಮುಖ್ಯಸ್ಥೆ ನೋಟಿಸನ್ನು ನಮ್ಮೆದುರೇ ಹರಿದು, ತಪ್ಪಾಯಿತು ಅಂದರು. ಬೀಗದಣ್ಣ ತಲೆಯಾಡಿಸಿದರು. ಸಮಿತಿ ಬಂತು, ಹೋಯಿತು. ನಾನು ಕೀಲಿಗೊಂಚಲು ತಂದು ಕೊಟ್ಟು, ಸಂತೋಷದಲ್ಲಿ ಏನೇನೋ ಮಾತಾಡಿದೆ. ಅವರು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿ, ಊಟದ ಡಬ್ಬಿ ತೆಗೆದಿಟ್ಟು, ಮುಚ್ಚಳದ ತಗ್ಗಿನ ಮೇಲೆ ಬೆರಳಾಡಿಸಿದರು.

“ನಿನ್ನೆ ಮನೇಲಿ ಚೀಲ ಬಿಚ್ಚಿದಾಗ ಇದು ತಿರುಗಿತ್ತು ತಂಗಿ” ಅಂದರು.

ನಾನು ನೆಲ ನೋಡಿದೆ.

“ಮೇಡಂ ಬಂದು ಮೂರು ತಿಂಗಳು. ಅವರಿಗೆ ಕಲ್ಲೂ ಹೊಸದು, ನಾನೂ ಹೊಸಬ. ಕೇಳಿದ್ದು ತಪ್ಪಲ್ಲ. ನೀನು?”

ಅವರು ಕುರ್ಚಿ ಎಳೆದು, ಅದರಲ್ಲಿ ಕುಳಿತು, ಡಬ್ಬಿ ತೆರೆದು ಉಣ್ಣತೊಡಗಿದರು. ಡಬ್ಬಿ ನನ್ನ ಕಡೆ ಸರಿಯಲಿಲ್ಲ.