ಅಪ್ಪನ ಎಲೆಯ ಬದಿಯ ಬ್ರಾಂಡಿ

ಅಪ್ಪ ಸತ್ತು ವರ್ಷ ತುಂಬಿದ ದಿನ ಮುಂಬಯಿಯ ಮಲಾಡಿನ ನಮ್ಮ ಫ್ಲ್ಯಾಟಿನಲ್ಲಿ ಅವರಿಗೆ ಎಲೆ ಬಡಿಸಿದೆವು. ಸತ್ತವರಿಗೆ ಇಷ್ಟವಾಗಿದ್ದನ್ನೇ ಬಡಿಸುವುದು ಕರಾವಳಿಯ ನಮ್ಮ ಮನೆಯ ಕ್ರಮ. ಕೋಳಿ ಸುಕ್ಕ, ನೀರುದೋಸೆ, ಎಲೆಯ ಬದಿಗೆ ಒಂದು ಗ್ಲಾಸು ಬ್ರಾಂಡಿ. ಅಪ್ಪ ಸತ್ತದ್ದು ಕುಡಿದು ಲಿವರ್ ಕೆಟ್ಟು. ಆದರೂ ಬ್ರಾಂಡಿ ಇಡಬಾರದೆಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕೈಮುಗಿದಾದ ಮೇಲೆ ಎಲೆಯಲ್ಲಿರುವುದನ್ನು ಮನೆಯವರು ಪ್ರಸಾದವೆಂದು ತಿನ್ನಬೇಕು. ಗ್ಲಾಸು ಹಿರಿಯ ಮಗನ ಪಾಲು. ಚಿಕ್ಕಪ್ಪ ಅದನ್ನು ನನ್ನ ಕೈಗೆ ಕೊಟ್ಟರು.

"ನನಗೆ ಬೇಡ ಚಿಕ್ಕಪ್ಪ. ಡಾಕ್ಟರು ಬೇಡ ಅಂದಿದ್ದಾರೆ."

"ಡಾಕ್ಟರಿಗೆ ಅಪ್ಪ ಇಲ್ವಾ ಮಾರಾಯ? ಒಂದು ಗುಟುಕು. ಬಾಟ್ಲಿ ಖಾಲಿ ಮಾಡು ಅಂತ ಹೇಳಿದ್ನಾ ನಾನು?"

ಅಪ್ಪ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು ನನ್ನನ್ನೂ ಕೂರಿಸಿ ವಿಚಾರಿಸಿದ್ದರು. ಆಫೀಸಿನ ಗೆಳೆಯರು ತೂರಾಡುವಾಗಲೂ ಅವರಷ್ಟೇ ಕುಡಿದ ನಾನು ನೆಟ್ಟಗೆ ನಡೆದು ಲೋಕಲ್ ಟ್ರೇನ್ ಹಿಡಿಯುತ್ತಿದ್ದೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ನಗಲಿಲ್ಲ. ನಶೆ ಬೇಗ ಏರದಿರುವುದೂ ಕೆಲವರಿಗೆ ರಕ್ತದಲ್ಲಿ ಬರುತ್ತದೆ, ಅಂಥವರೇ ಹೆಚ್ಚು ಕುಡಿಯುತ್ತಾ ಹೋಗುತ್ತಾರೆ ಎಂದರು. ಅಪ್ಪನಂತೆ ಆಗಿಯೇ ಆಗುತ್ತೀರಿ ಎಂದಲ್ಲ, ಆದರೆ ಪೂರ್ತಿ ಬಿಡುವುದೇ ಒಳ್ಳೆಯದು ಎಂದರು. ಅಂದಿನಿಂದ ಮುಟ್ಟಿರಲಿಲ್ಲ.

ಡಾಕ್ಟರಿಗೆ ಹೇಳದೆ ಉಳಿದದ್ದೊಂದಿತ್ತು. ನಾನು ಚಿಕ್ಕವನಿದ್ದಾಗ ನಾವು ವಡಾಲದ ಚಾಳಿನಲ್ಲಿದ್ದೆವು. ಕುಡಿಯದ ದಿನ ಅಪ್ಪ ನನ್ನತ್ತ ನೋಡುತ್ತಲೇ ಇರಲಿಲ್ಲ. ಕುಡಿಯಲು ಕೂತಾಗ ಹತ್ತಿರ ಕರೆದು, ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರುತ್ತಿದ್ದರು. ಇನ್ನಷ್ಟು ಕುಡಿದ ಮೇಲೆ ಹೊಡೆಯುತ್ತಿದ್ದರು. ನಡುವಿನ ಆ ಸ್ವಲ್ಪ ಹೊತ್ತಿಗಾಗಿ ನಾನು ದಿನವೆಲ್ಲ ಕಾಯುತ್ತಿದ್ದೆ. ಈಗ ಗ್ಲಾಸಿನಿಂದ ಮೂಗಿಗೆ ಬಂದದ್ದು ಆ ಹೊತ್ತಿನ ವಾಸನೆ.

ಅಮ್ಮನ ಕಡೆ ನೋಡಿದೆ. ನನಗಿಂತ ಹೆಚ್ಚು ಪೆಟ್ಟು ತಿಂದವಳು ಅವಳು. ಬೇಡ ಎನ್ನುತ್ತಾಳೆಂದುಕೊಂಡೆ.

"ನಾಲಗೆಗೆ ತಾಗಿಸು ಸಾಕು ಮಗಾ," ಎಂದಳು. "ಇಲ್ಲದಿದ್ರೆ ನಿನ್ನ ಅಪ್ಪನಿಗೆ ಬೇಜಾರಾಗ್ತದೆ."

ಅಡುಗೆಮನೆಗೆ ಹೋಗಿ ಸಿಂಕಿನ ಮುಂದೆ ನಿಂತೆ. ಗ್ಲಾಸನ್ನು ಬಗ್ಗಿಸಲು ಆಗಲಿಲ್ಲ. ಬಾಯಿಗೂ ಎತ್ತಲಿಲ್ಲ. ಹೆಂಡತಿಯನ್ನು ಕರೆದೆ.

"ನೀನೇ ಚೆಲ್ಲು. ನನ್ನಿಂದ ಆಗ್ತಾ ಇಲ್ಲ."

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಗ್ಲಾಸು ತೆಗೆದುಕೊಂಡು ಸಿಂಕಿಗೆ ಸುರಿದಳು.

"ಅಪ್ಪನನ್ನು ಗಟಾರಕ್ಕೆ ಬಿಟ್ಯಲ್ಲ!" ಹೊರಗಿನಿಂದ ಚಿಕ್ಕಪ್ಪನ ದನಿ.

ಹೆಂಡತಿ ನಲ್ಲಿ ತಿರುಗಿಸಿದಳು. ಇನ್ನೂ ನೀರು ಬಿಡು ಎಂದೆ. ಬಿಟ್ಟಳು. ವಾಸನೆ ಹೋಯಿತು, ಬನ್ನಿ ಊಟಕ್ಕೆ ಎಂದಳು. ನನಗೆ ಬರುತ್ತಲೇ ಇತ್ತು.